ತಂಗಿಯ ಮನೆಯ ಚೀಸ್ ಬಟಾಟಿ

ನನ್ನ ತಂಗಿ ಹತ್ತನೇ ತರಗತಿಯ ಗಣಿತದಲ್ಲಿ ನಪಾಸಾದವಳು. ನಾನು ನಮ್ಮ ಮನೆತನದ ಮೊದಲ ಬಿ.ಎ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದೆಲ್ಲ ಆಕೆಯ ಮೇಲಿನ ನನ್ನ ಹೊಟ್ಟೆಕಿಚ್ಚಿನ ಮಾತು. ಓದಿದವಳಿಗೆ ಓದದವಳ ಮೇಲೆ ಹೊಟ್ಟೆಕಿಚ್ಚು ಬರುವುದಿಲ್ಲ ಎಂದು ನಾನೂ ಬಹಳ ವರ್ಷ ನಂಬಿಕೊಂಡಿದ್ದೆ.

ನಮ್ಮದು ಬ್ಯಾಡಗಿ. ನಾವು ಸಣ್ಣವರಿದ್ದಾಗಲೇ ಅಪ್ಪ ತೀರಿಕೊಂಡ. ಅವ್ವ ಮೆಣಸಿನಕಾಯಿಯ ತೊಟ್ಟು ಕೀಳುವ ಕೂಲಿಗೆ ಹೋಗುತ್ತಿದ್ದಳು; ನಮ್ಮ ಕಡೆ ಅದಕ್ಕೆ ತುಂಬು ಬಿಡಿಸುವುದು ಎನ್ನುತ್ತಾರೆ. ಹೆಬ್ಬೆರಳು ತೋರುಬೆರಳ ನಡುವೆ ಕಾಯಿ ಹಿಡಿದು ತೊಟ್ಟನ್ನು ಚಿಟ್ಟೆಂದು ಮುರಿಯುವುದು, ಮತ್ತೊಂದು ಹಿಡಿಯುವುದು. ಬೆಳಿಗ್ಗೆಯಿಂದ ಸಂಜೆಯತನಕ ಅಷ್ಟೇ. ನಾನು ದಿನಾ ರೈಲಿನಲ್ಲಿ ಹಾವೇರಿಯ ಕಾಲೇಜಿಗೆ ಹೋಗುತ್ತಿದ್ದೆ. ಕ್ಲಾಸಿನಲ್ಲಿ ನಾನು ಚೀಲ ತೆರೆದರೆ ಪಕ್ಕದವಳು ಸೀನುತ್ತಿದ್ದಳು. ನೋಟ್‌ಬುಕ್ಕಿನ ಹಾಳೆಗಳ ನಡುವೆಯೂ ಕೆಂಪು ಧೂಳು ಕೂತಿರುತ್ತಿತ್ತು. ನನಗೆ ನಾಚಿಕೆಯಾಗುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಆ ಸಿಟ್ಟಿನಲ್ಲೇ ಓದಿದೆ. ಈಗ ಹಾವೇರಿಯ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುತ್ತೇನೆ. ಗುತ್ತಲದಿಂದ, ಅಗಡಿಯಿಂದ ಬಂದವರು ಗಾಜಿನ ಸಂದಿಯಲ್ಲಿ ಫಾರ್ಮು ತೂರಿಸಿ, ಅಕ್ಕಾರ ಇಷ್ಟು ಬರೆದುಕೊಡ್ರಿ ಎನ್ನುತ್ತಾರೆ. ಬರೆದುಕೊಡುತ್ತೇನೆ. ಎಲ್ಲರೂ ನನ್ನನ್ನು ಕೇಳುವವರು. ನಾನು ಯಾರನ್ನೂ ಏನನ್ನೂ ಕೇಳಿದವಳಲ್ಲ.

ತಂಗಿ ನಪಾಸಾದ ಮೇಲೆ ಮತ್ತೆ ಪರೀಕ್ಷೆಗೆ ಕೂರಲಿಲ್ಲ. ನಾನು ಎಷ್ಟು ಬೈದರೂ ಕೂರಲಿಲ್ಲ. ಮದುವೆಯಾಗುವತನಕ ಅವ್ವನ ಎದುರಿಗೆ ಕೂತು ಮೆಣಸಿನಕಾಯಿ ಬಿಡಿಸಿದಳು. ಆಮೇಲೆ ರಾಣೇಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟವರ ಮನೆಗೆ ಹೋದಳು. ಮನೆ ಚೊಲೋದು, ಗಂಡ ಚೊಲೋನು. ಅಡಿಗೆಮನೆಯ ಕಟ್ಟೆಯ ಮೇಲೆ ಕರೆಂಟಿನ ಒಲೆ, ಅಂದರೆ ಓವನ್ ಇದೆ. ಅಷ್ಟಾದರೂ ನನಗೆ ಆಕೆಯ ಮೇಲೆ ಹೊಟ್ಟೆಕಿಚ್ಚು ಇರಲಿಲ್ಲ. ಅದು ಶುರುವಾದದ್ದು ಹೋದ ವರ್ಷ, ಅವ್ವನ ಬಾಯಿಯಿಂದ.

ಅವ್ವನ ಬಾಯೊಳಗೆ ಹುಣ್ಣಾಯಿತು. ಒಂದು ವಾಸಿಯಾದರೆ ಮತ್ತೊಂದು. ಕೊನೆಗೆ ಡಾಕ್ಟರು ನೋಡಿ, ಹೆದರುವಂಥದ್ದಲ್ಲ, ಆದರೆ ಬಾಯಿಯ ಒಳಚರ್ಮ ತೀರ ಸೂಕ್ಷ್ಮವಾಗಿದೆ, ಆರು ತಿಂಗಳು ಖಾರ ಮುಟ್ಟಬಾರದು, ಮೆಣಸಿನಕಾಯಿಯ ಧೂಳಿನಲ್ಲಿ ಕೂರಲೂಬಾರದು ಎಂದರು. ಅವ್ವ ಅಲ್ಲೇ ಅವರ ಮುಂದೆಯೇ ನಕ್ಕಳು. ಜನ್ಮವೆಲ್ಲ ಕೆಂಪು ರಾಶಿಯ ಪಕ್ಕ ಕೂತವಳಿಗೆ ಇನ್ನು ಹಾಲು, ಮೊಸರು, ಮೆತ್ತನ್ನ. ಬ್ಯಾಡಗಿಯಲ್ಲಿ ಒಬ್ಬಳೇ ಇದ್ದರೆ ಚಟ್ನಿ ನೆಕ್ಕದೆ ಬಿಡುವವಳಲ್ಲ. ಹಾಗಾಗಿ ಆರು ತಿಂಗಳು ಯಾರಾದರೊಬ್ಬ ಮಗಳ ಮನೆಯಲ್ಲಿರಲಿ ಎಂದು ತೀರ್ಮಾನವಾಯಿತು.

ನನ್ನ ಮನೆಯಲ್ಲೇ ಇರುತ್ತಾಳೆಂದು ನಾನು ಅಂದುಕೊಂಡುಬಿಟ್ಟಿದ್ದೆ. ನಾನು ದೊಡ್ಡವಳು. ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು, ಚೀಟಿ ಓದಿದವಳು, ಗುಳಿಗೆಯ ಡಬ್ಬಿಯ ಮೇಲೆ ಹೊತ್ತಿನ ಲೆಕ್ಕದಲ್ಲಿ ಸೂರ್ಯ ಚಂದ್ರ ಬರೆದುಕೊಟ್ಟವಳು. ಅವ್ವ ಮಾತ್ರ ಚೀಲ ಹಿಡಿದು ರಾಣೇಬೆನ್ನೂರಿನ ಬಸ್ಸು ಹತ್ತಿದಳು. ಒಂದು ತಿಂಗಳು ಅಲ್ಲಿರುತ್ತೇನೆ, ಆಮೇಲೆ ನೋಡೋಣ ಎಂದಳು.

ತಿಂಗಳಾಗುವ ಮೊದಲೇ ಒಂದು ಭಾನುವಾರ ನಾನು ಹೋದೆ. ನೋಡಲಿಕ್ಕೆಂದು ಹೋದೆ ಎಂದರೆ ಸುಳ್ಳು. ಕರೆದುಕೊಂಡು ಬರಲಿಕ್ಕೇ ಹೋಗಿದ್ದೆ. ಊಟದ ಹೊತ್ತು. ತಂಗಿ ಓವನ್ನಿನಿಂದ ಒಂದು ಗಾಜಿನ ತಟ್ಟೆ ತೆಗೆದಳು. ತೆಳ್ಳಗೆ ಹೆಚ್ಚಿದ ಆಲೂಗಡ್ಡೆಯ ಬಿಲ್ಲೆಗಳನ್ನು ಹಾಲಿನ ಗಟ್ಟಿ ಸಾರಿನಲ್ಲಿ ಒಂದರ ಮೇಲೊಂದು ಹಾಸಿ, ಮೇಲೆ ಚೀಸ್ ತುರಿದು ಬೇಯಿಸಿದ್ದು. ಮೇಲ್ಮೈ ಹೊಂಬಣ್ಣಕ್ಕೆ ಬಂದು ಅಲ್ಲಲ್ಲಿ ಗುಳ್ಳೆ ಎದ್ದಿತ್ತು. ಚಮಚ ಹಾಕಿ ಎತ್ತಿದರೆ ಎಳೆ ಎಳೆಯಾಗಿ ಜಗ್ಗುತ್ತಿತ್ತು. ಅವ್ವ ಚೀಸಿಗೆ ಹೆದರಬಹುದು, ವಾಸನೆ ಅನ್ನಬಹುದು ಎಂದು ನಾನು ಕಾಯುತ್ತಿದ್ದೆ, ಒಳಗೊಳಗೆ ಅದನ್ನೇ ಬಯಸುತ್ತಿದ್ದೆ. ಅವ್ವ ಹಾಲಿನಲ್ಲಿ ನೆನೆಸಿದ ರೊಟ್ಟಿಯ ಜೊತೆ ಅದನ್ನು ಕಲಸಿಕೊಂಡು ಉಂಡಳು. ಮತ್ತೆ ಹಾಕಿಸಿಕೊಂಡಳು. ಗಿಣ್ಣದಂಗ ಐತಿ ನೋಡು, ಬಾಯಿಗೆ ಹಿತ, ಎಂದು ನನಗೇ ಹೇಳಿದಳು.

ತಂಗಿ ಅದಕ್ಕೆ ಚೀಸ್ ಬಟಾಟಿ ಎಂದು ಹೆಸರಿಟ್ಟಿದ್ದಳು. ಗಂಡನ ಅಂಗಡಿಗೆ ಬರುವ ಯಾರೋ ಹೆಣ್ಣುಮಗಳು ಹೇಳಿಕೊಟ್ಟಳಂತೆ. ನನ್ನ ತಾಟಿಗೂ ಹಾಕಿದಳು. ರುಚಿಯಾಗಿತ್ತು. ಅದು ಇನ್ನೂ ಕಷ್ಟ. ಕೆಟ್ಟದಾಗಿದ್ದರೆ ನಾನು ಎಷ್ಟು ಹೊಗಳುತ್ತಿದ್ದೆನೋ. ಉಪ್ಪು ಒಂಚೂರು ಮುಂದಾಗಿದೆ ಎಂದು ಮಾತ್ರ ಹೇಳಿದೆ. ಉಪ್ಪು ಸರಿಯಾಗಿಯೇ ಇತ್ತು.

ಅವ್ವನ ಮುಖ ತುಂಬಿಕೊಂಡಿತ್ತು. ಇಬ್ಬರೂ ಏನೋ ಮಾತಾಡಿಕೊಂಡು ನಗುತ್ತಿದ್ದರು, ಅರ್ಧ ಮಾತು ಆಡಿ ಬಿಟ್ಟರೂ ಇನ್ನೊಬ್ಬಳಿಗೆ ತಿಳಿಯುತ್ತಿತ್ತು. ಅದು ಮೆಣಸಿನಕಾಯಿಯ ರಾಶಿಯ ಎದುರುಬದುರು ಕೂತ ವರ್ಷಗಳಲ್ಲಿ ಬೆಳೆದ ಮಾತು. ಆ ವರ್ಷಗಳಲ್ಲಿ ನಾನು ರೈಲಿನಲ್ಲಿದ್ದೆ, ಇಲ್ಲವೇ ಪುಸ್ತಕದ ಮುಂದಿದ್ದೆ. ಅವ್ವ ಕೂಲಿಯಿಂದ ಬಂದಾಗ ನಾನು ತಲೆ ಎತ್ತುತ್ತಿರಲಿಲ್ಲ. ಎತ್ತಿದರೆ ಅವಳೇ, ಓದವಾ ಓದು, ಎನ್ನುತ್ತಿದ್ದಳು. ನನಗೆ ಡಿಗ್ರಿ ಸಿಕ್ಕಿತು. ತಂಗಿಗೆ ಅವ್ವ ಸಿಕ್ಕಳು. ಅವತ್ತು ರಾಣೇಬೆನ್ನೂರಿನ ಆ ಅಡಿಗೆಮನೆಯಲ್ಲಿ, ಕೈಯಲ್ಲಿ ಚಮಚ ಹಿಡಿದು, ನನಗೆ ಇದು ಮೊದಲ ಸಲ ಗೊತ್ತಾಯಿತು.

ಹಟ ಮಾಡಿ ಅವ್ವನನ್ನು ಹಾವೇರಿಗೆ ಕರೆತಂದೆ. ಎಂಟು ದಿನ ನೋಡ್ತೇನಿ, ಹೊಂದಿದರ ಇರ್ತೇನಿ, ಇಲ್ಲಂದ್ರ ಹೋಗ್ತೇನಿ, ಎಂದು ಬಸ್ಸಿನಲ್ಲೇ ಹೇಳಿದಳು. ಆ ಎಂಟು ದಿನ ನನ್ನ ಪಾಲಿಗೆ ಪರೀಕ್ಷೆಯ ದಿನಗಳಂತೆ ಬಂದವು.

ಅವ್ವನಿಗೆ ಕಿಟಕಿಯ ಪಕ್ಕದ ಮಂಚ ಕೊಟ್ಟೆ. ಹೊಸ ಚಾದರ ಹಾಸಿದೆ. ಅವಳು ಪಾತ್ರೆ ತಿಕ್ಕಲು ಎದ್ದರೆ ಕೈ ಹಿಡಿದು ಕೂರಿಸಿದೆ. ಕಸಬರಿಗೆ ಕಸಿದುಕೊಂಡೆ. ಜನ್ಮವೆಲ್ಲ ದುಡಿದಿದ್ದಾಳೆ, ನನ್ನ ಮನೆಯಲ್ಲಿ ಹುಲ್ಲುಕಡ್ಡಿ ಎತ್ತಬಾರದು ಎಂದು ನನ್ನ ಹಟ. ನಾನು ಓದಿದ್ದಾದರೂ ಯಾಕೆ ಮತ್ತೆ. ಕೆಲಸಕ್ಕೆ ಹೋಗುವ ಮೊದಲು ಅನ್ನ, ಮೊಸರು, ಬೇಳೆಯ ಕಟ್ಟು ಎಲ್ಲ ಮುಚ್ಚಿಟ್ಟು ಹೋಗುತ್ತಿದ್ದೆ. ಸಂಜೆ ಬಂದರೆ ಮುಚ್ಚಿಟ್ಟದ್ದು ಬಹುಪಾಲು ಹಾಗೇ ಇರುತ್ತಿತ್ತು. ಹಸಿವಿಲ್ಲ ಎನ್ನುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು, ನಿನ್ನ ತಂಗಿ ಚೀಸ್ ಬಟಾಟಿ ಮಾಡ್ತಾಳ ನೋಡು, ಎಂದು ಶುರುಮಾಡುತ್ತಿದ್ದಳು. ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ, ಉಂಡಿದ್ದೇನೆ ಎಂಬುದನ್ನೇ ಮರೆತವಳಂತೆ ಮೊದಲಿನಿಂದ ವರ್ಣಿಸುತ್ತಿದ್ದಳು.

ಐದನೆಯ ದಿನ, ನಾನೂ ಮಾಡುತ್ತೇನೆ ಎಂದು ನಿಶ್ಚಯಿಸಿದೆ. ಅದಕ್ಕಿಂತ ಚೊಲೋ ಮಾಡುತ್ತೇನೆ.

ತಂಗಿಗೆ ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ನನ್ನ ಗಂಡ ಅದನ್ನೇ ಹೇಳಿದರು. ಅವರು ಕಡಿಮೆ ಮಾತಿನವರು, ಹೇಳಿ ಪೇಪರಿನ ಹಿಂದೆ ಹೋದರು. ನಾನು ಕೇಳಲಿಲ್ಲ. ಮೊಬೈಲಿನಲ್ಲಿ ವಿಡಿಯೊ ಹಚ್ಚಿ, ನಿಲ್ಲಿಸಿ ನಿಲ್ಲಿಸಿ, ಹಳೆಯ ಡೈರಿಯಲ್ಲಿ ಬರೆದುಕೊಂಡೆ. ಆಲೂಗಡ್ಡೆ ಇಷ್ಟು, ಹಾಲು ಇಷ್ಟು, ಮೈದಾ ಇಷ್ಟು. ಮುಖ್ಯವಾದ ಸಾಲುಗಳ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ. ನನಗೆ ಗೊತ್ತಿರುವ ರೀತಿ ಅದೊಂದೇ.

ನಮ್ಮ ಮನೆಯಲ್ಲಿ ಓವನ್ ಇಲ್ಲ. ಅದಕ್ಕೂ ನನಗೆ ದಾರಿ ಗೊತ್ತಿತ್ತು. ದೀಪಾವಳಿ ಹತ್ತಿರ ಬಂದರೆ ನಮ್ಮ ಓಣಿಯ ಹೆಣ್ಣುಮಕ್ಕಳು ಮೈದಾ, ಸಕ್ಕರೆ, ಡಾಲ್ಡಾ ಹೊತ್ತುಕೊಂಡು ಬೇಕರಿಗೆ ಹೋಗುತ್ತಾರೆ, ಅಲ್ಲಿಯ ಭಟ್ಟಿಯಲ್ಲಿ ಮನೆಯ ಬಿಸ್ಕೀಟು ಸುಡಿಸಿಕೊಂಡು ಡಬ್ಬಿ ತುಂಬಿಕೊಂಡು ಬರುತ್ತಾರೆ. ಬಿಸ್ಕೀಟು ಬೇಯುವ ಭಟ್ಟಿಯಲ್ಲಿ ಬಟಾಟಿ ಬೇಯುವುದಿಲ್ಲವೇ. ಶನಿವಾರ ಅರ್ಧ ದಿನ ರಜೆ ಹಾಕಿದೆ. ಅಗಲವಾದ ಸ್ಟೀಲಿನ ಬೋಗಾಣಿಯಲ್ಲಿ ಎಲ್ಲವನ್ನೂ ಹಾಸಿದೆ. ಅವ್ವ ಬಾಗಿಲಲ್ಲಿ ನಿಂತು, ಬಟಾಟಿ ನಾ ಹೆಚ್ಚಿಕೊಡಲೇನು ಎಂದಳು. ನೀ ಕುಂದ್ರು ಎಂದೆ.

ಹೊರಡುವ ಮೊದಲು ಬೋಗಾಣಿಯನ್ನು ಮತ್ತೊಮ್ಮೆ ನೋಡಿದೆ. ಬೆಳ್ಳಗೆ, ರೋಗಿಯ ಊಟದಂತೆ ಕಂಡಿತು. ತಂಗಿಯದಕ್ಕೆ ಹೊಂಬಣ್ಣ ಬಂದಿತ್ತು. ನನ್ನದಕ್ಕೆ ಅದನ್ನು ಮೀರಿಸುವ ಬಣ್ಣ ಬರಬೇಕು. ಕಪಾಟಿನಲ್ಲಿ ಮೆಣಸಿನಪುಡಿಯ ಡಬ್ಬಿ ಇತ್ತು, ಅವ್ವನೇ ಹಿಂದಿನ ವರ್ಷ ಕಾಯಿ ಆರಿಸಿ ಕುಟ್ಟಿಸಿ ಕೊಟ್ಟದ್ದು. ಬೆಣ್ಣೆ ಕರಗಿಸಿ ಅದರಲ್ಲಿ ಎರಡು ಚಮಚ ಕಲಸಿ ಮೇಲೆಲ್ಲ ಸವರಿದೆ.

ಅವ್ವನಿಗೆ ಖಾರ ಆಗದು ಎಂಬುದು ನನಗೆ ಮರೆತಿರಲಿಲ್ಲ. ಬ್ಯಾಡಗಿಯಲ್ಲಿ ಹುಟ್ಟಿದವರಿಗೆ ಮಾತ್ರ ಈ ತಪ್ಪು ಅರ್ಥವಾದೀತು. ನಮ್ಮೂರ ಮೆಣಸಿನಕಾಯಿ ಬಣ್ಣಕ್ಕೆ, ಖಾರಕ್ಕಲ್ಲ ಎಂದು ನಾವು ಮಾತು ಕಲಿಯುವಾಗಲೇ ಕಲಿತಿರುತ್ತೇವೆ. ಪರವೂರಿನವರು ಕೆಂಪು ನೋಡಿ ಹೆದರಿದರೆ ನಗುತ್ತೇವೆ, ಹೆದರಬ್ಯಾಡ್ರಿ, ಇದು ಬರೇ ಬಣ್ಣ ಎನ್ನುತ್ತೇವೆ. ನನ್ನ ಲೆಕ್ಕದಲ್ಲಿ ಅದು ಖಾರವೇ ಆಗಿರಲಿಲ್ಲ. ಅರಿಷಿಣ ಹಾಕಿದ ಹಾಗೆ.

ಬೇಕರಿಯ ಮಾಲೀಕರು ಬ್ರೆಡ್ಡು ತೆಗೆದು ಮುಗಿಸಿದ್ದರು. ಅಂಚೆ ಕಚೇರಿಗೆ ಬಂದು ಹೋಗುವವರು, ನನ್ನ ಗುರುತು ಇತ್ತು. ಬೋಗಾಣಿಯ ಮುಚ್ಚಳ ತೆಗೆದು ಒಂದು ಕಡೆಯಿಂದ ನೋಡಿದರು, ಇನ್ನೊಂದು ಕಡೆಯಿಂದ ನೋಡಿದರು.

"ಮೇಡಂ, ಇದು ಬಿಸ್ಕೀಟು ಅಲ್ಲ, ಪಲ್ಯಾನೂ ಅಲ್ಲ. ಏನಂತ ತಿಳ್ಕೊಂಡು ಸುಡ್ಲಿ ಇದನ್ನ?"

ಚೀಸ್ ಬಟಾಟಿ ಎಂದೆ. ಅವರು ಆ ಹೆಸರನ್ನು ಬಾಯಲ್ಲಿ ಒಮ್ಮೆ ಆಡಿಸಿ ನೋಡಿ, ಉದ್ದ ಸಲಿಕೆಯ ಮೇಲೆ ಬೋಗಾಣಿ ಇಟ್ಟು ಭಟ್ಟಿಯೊಳಕ್ಕೆ ನೂಕಿದರು. ಒಂದು ತಾಸು ಬೆಂಚಿನ ಮೇಲೆ ಕೂತೆ. ಅಂಗಡಿಗೆ ಬಂದವರೆಲ್ಲ ಮೂಗು ಅಗಲಿಸಿ ಏನ್ರಿ ಇದು ಎಂದು ಕೇಳುತ್ತಿದ್ದರು. ನನಗೆ ರಿಸಲ್ಟ್ ನೋಡಲು ಕಾಲೇಜಿನ ಬೋರ್ಡಿನ ಮುಂದೆ ನಿಂತ ದಿನ ನೆನಪಾಯಿತು. ಹೊರಬಂದಾಗ ಮೇಲ್ಮೈ ಕುಂಕುಮದಂತೆ ಹೊಳೆಯುತ್ತಿತ್ತು. ಬರಲಿ ನೋಡೋಣ ಈಗ ರಾಣೇಬೆನ್ನೂರಿನವಳು, ಎಂದುಕೊಂಡೆ. ಆಟೊದಲ್ಲಿ ಬೋಗಾಣಿಯನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ.

ಅವ್ವನ ತಾಟಿಗೆ ನಾನೇ ಬಡಿಸಿದೆ. ಎದುರಿಗೇ ಕೂತೆ. ಮೊದಲ ತುತ್ತು ನುಂಗಿ, ಚೊಲೋ ಆಗೇತಿ ಎಂದಳು. ನನಗೆ ಅಷ್ಟು ಸಾಕಾಗಲಿಲ್ಲ. ಆಕಿ ಮಾಡಿದ್ದಕ್ಕಿಂತ ಎಂದು ಕೇಳಿದೆ. ಕೇಳಬಾರದಿತ್ತು. ಅವ್ವ ಎರಡನೆಯ ತುತ್ತು ಬಾಯಿಗಿಟ್ಟಳು. ಮೂರನೆಯದನ್ನೂ ಇಟ್ಟಳು. ಕಣ್ಣಂಚಿನಿಂದ ನೀರು ಇಳಿಯಿತು. ಸೆರಗಿನಿಂದ ಒರೆಸಿಕೊಂಡು ನಾಲ್ಕನೆಯದಕ್ಕೆ ಕೈ ಹಾಕಿದಳು. ಪಕ್ಕದಲ್ಲಿ ಉಣ್ಣುತ್ತಿದ್ದ ನನ್ನ ಗಂಡ ತುತ್ತು ನಿಲ್ಲಿಸಿ, ಖಾರ ಹಾಕೀಯೇನು ಎಂದರು.

"ಖಾರ ಎಲ್ಲಿ? ಬ್ಯಾಡಗಿ ಪುಡಿ, ಬರೇ ಬಣ್ಣಕ್ಕ," ಎಂದೆ.

ಅವ್ವ ನೀರು ಕುಡಿದಳು. ಲೋಟ ಕೆಳಗಿಟ್ಟು ನಿಧಾನವಾಗಿ ಹೇಳಿದಳು:

"ಈ ಬಾಯಿಗೆ ಈಗ ಬ್ಯಾಡಗಿ ಯಾವುದು, ಗುಂಟೂರು ಯಾವುದು ತಿಳಿಯಂಗಿಲ್ಲವಾ."

ನಾನು ತಾಟು ಎಳೆದುಕೊಳ್ಳಲು ಹೋದೆ. ಬಿಡಲಿಲ್ಲ. ಹೆಬ್ಬೆರಳು ತೋರುಬೆರಳಿನಿಂದ ಮೇಲಿನ ಕೆಂಪು ಪದರವನ್ನು ಚೂರು ಚೂರಾಗಿ ಚಿವುಟಿ ತಾಟಿನ ಅಂಚಿಗೆ ಒಟ್ಟಿದಳು. ಎಷ್ಟು ಲಗೂ, ಎಷ್ಟು ಸಲೀಸು. ಆ ಬೆರಳುಗಳು ಅದನ್ನೇ ಮಾಡಿ ನನ್ನ ಫೀ ಕಟ್ಟಿದ್ದವು. ಕೆಳಗಿನ ಬಿಳಿ ಬಟಾಟಿಯಲ್ಲಿ ಎರಡು ಬಿಲ್ಲೆ ತಿಂದು, ಅದಕ್ಕೂ ಕೆಂಪು ಇಳಿದಿದ್ದರಿಂದ ಸಾಕುಮಾಡಿ, ಕೈ ತೊಳೆದಳು. ಆಮೇಲೆ ತನ್ನ ಚೀಲ ಎಲ್ಲಿದೆ ಎಂದು ಕೇಳಿದಳು. ನಾಳೆ ರಾಣೇಬೆನ್ನೂರಿಗೆ ಹೋಗುತ್ತೇನೆ ಎಂದಳು.

ಎಂಟು ದಿನ ಇನ್ನೂ ಆಗಿರಲಿಲ್ಲ. ಒಂದು ಸಲ ಕೆಟ್ಟದ್ದಕ್ಕೆ ಇಷ್ಟು ಸಿಟ್ಟೇನು, ತಂಗಿ ಎಷ್ಟು ಸಲ ಕೆಡಿಸಿಲ್ಲ, ಗಣಿತದಲ್ಲಿ ನಪಾಸಾದಾಗ ಒಂದು ಮಾತಾದರೂ ಅಂದಿದ್ದೆಯಾ ಎಂದೆಲ್ಲ ಹೇಳಿದೆ. ಬಟಾಟಿಯ ಮಾತಿನಲ್ಲಿ ಗಣಿತ ಯಾಕೆ ಬಂತೋ ನನಗೇ ತಿಳಿಯಲಿಲ್ಲ. ಆಕಿ ಮನ್ಯಾಗ ಅಂಥಾದ್ದು ಏನೈತಿ, ನನ್ನ ಮನ್ಯಾಗ ಇಲ್ಲದ್ದು, ಎಂದು ಕೊನೆಗೆ ಕೇಳಿದೆ.

ಅವ್ವ ಸಿಟ್ಟಾಗಲಿಲ್ಲ. ಮಂಚದ ಮೇಲೆ ಕೂತು, ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಮಲಗಿಸಿ ನೋಡಿಕೊಂಡಳು.

"ಸಿಟ್ಟಿಲ್ಲವಾ. ಅಲ್ಲಿ ಬಟಾಟಿ ನಾನ ಹೆಚ್ತಿದ್ನಿ. ಚೀಸ್ ನಾನ ತುರೀತಿದ್ನಿ. ದಪ್ಪ ಆತು ಅಂತ ಆಕಿ ಬೈತಿದ್ಳು, ನಾನೂ ಬೈತಿದ್ನಿ. ಹೊತ್ತು ಹೋಗ್ತಿತ್ತು, ಹಸಿವಿ ಆಗ್ತಿತ್ತು. ಇಲ್ಲಿ ನಾ ಬೀಗರ ಮನಿಗೆ ಬಂದಂಗ ಕುಂತೇನಿ. ಕುಂತ ಕೈಗೆ ಅನ್ನ ಸೇರಂಗಿಲ್ಲ."

ನಾನು ಹೊಟ್ಟೆಕಿಚ್ಚು ಪಟ್ಟ ಚೀಸ್ ಬಟಾಟಿಯಲ್ಲಿ ಅರ್ಧ ಅವ್ವನದೇ ಕೈ. ಅಂದರೆ ಅವ್ವ ಅಲ್ಲಿ ಉಂಡದ್ದು ತಾನೇ ಮಾಡಿದ ಅಡಿಗೆ. ಇದರಿಂದ ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ, ಇನ್ನಷ್ಟು ಉರಿಯಿತು. ನಾನು ಕೈ ಹಿಡಿದು ಕೂರಿಸಿದವಳನ್ನು ತಂಗಿ ಈಳಿಗೆ ಕೊಟ್ಟು ಕೂರಿಸಿದ್ದಳು. ಯಾವ ಪುಸ್ತಕವೂ ಓದದೆ ಆಕೆಗೆ ಇದು ಹೇಗೆ ತಿಳಿಯಿತು?

ಫೋನು ತೆಗೆದುಕೊಂಡು ಹಿತ್ತಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ತಂಗಿಯ ಹೆಸರನ್ನೇ ನೋಡಿದೆ. ಹುಟ್ಟಿದಾಗಿನಿಂದ ಆಕೆಯನ್ನು ನಾನು ಏನೂ ಕೇಳಿರಲಿಲ್ಲ. ಕೊನೆಗೆ ಒತ್ತಿದೆ. ಚೀಸ್ ಬಟಾಟಿ ಮಾಡೂದು ಹೆಂಗ, ಹೇಳು, ಎಂದೆ.

"ಅಕ್ಕಾ, ನೀ ನನ್ನ ಕೇಳಾಕತ್ತೀಯೇನು?" ಎಂದಳು. ಆಮೇಲೆ ನಗು. "ತಡಿ, ಕುಂದರ್ತೇನಿ. ಪೆನ್ನು ಐತಿಲ್ಲ? ಬರಕೋ. ನಿನಗ ಬರಕೊಳ್ಳೂದು ಚೊಲೋ ಬರತೈತಿ."

ಚುಚ್ಚುವ ಹಕ್ಕು ಆಕೆಗಿತ್ತು. ಬರೆದುಕೊಂಡೆ. ಆಲೂಗಡ್ಡೆಯ ಬಿಲ್ಲೆ, ಆಚೆಗಿಟ್ಟ ಬೆರಳು ಮಂಕಾಗಿ ಕಾಣುವಷ್ಟು ತೆಳುವಾಗಿರಬೇಕು. ಮೈದಾವನ್ನು ಬೆಣ್ಣೆಯಲ್ಲಿ ಹಸಿವಾಸನೆ ಹೋಗುವತನಕ ಹುರಿಯಬೇಕು, ಹಾಲನ್ನು ಒಮ್ಮೆಲೇ ಸುರಿಯಬಾರದು. ಚೀಸ್‌ನಲ್ಲೇ ಉಪ್ಪಿರುತ್ತದೆ, ಅದಕ್ಕೆ ಉಪ್ಪು ಅರ್ಧ ಚಮಚಕ್ಕಿಂತ ಕಡಿಮೆ. ಮೆಣಸೂ ಬೇಡ, ಒಂಚೂರು ಜೀರಿಗೆ ಪುಡಿ. ಓವನ್ ಇಲ್ಲದಿದ್ದರೆ ರೊಟ್ಟಿಯ ಹಂಚನ್ನು ಕಾಯಿಸಿ, ಅದರ ಮೇಲೆ ಬೋಗಾಣಿ ಇಟ್ಟು ಬಿಗಿಯಾಗಿ ಮುಚ್ಚಿ ಸಣ್ಣ ಉರಿಯಲ್ಲಿ ಬಿಡಬೇಕು. ಕೆಳಗೆ ತಳ ಹಿಡಿದು ಹತ್ತಿದರೆ ಹತ್ತಲಿ, ಅವ್ವಗ ಹತ್ತಿದ್ದು ಸೇರತೈತಿ ಎಂದಳು. ಅದು ನನಗೆ ಗೊತ್ತಿರಲಿಲ್ಲ. ಅವ್ವನಿಗೆ ಹತ್ತಿದ್ದು ಸೇರುತ್ತದೆ ಎಂಬುದನ್ನೂ ಡೈರಿಯಲ್ಲಿ ಬರೆದೆ, ಕೆಳಗೆ ಗೆರೆ ಎಳೆದೆ.

ಮರುದಿನ ಭಾನುವಾರ. ಅವ್ವ ಸ್ನಾನ ಮಾಡಿ ಚೀಲ ಕಟ್ಟಿಕೊಂಡು ಕೂತಿದ್ದಳು. ನಾನು ಬುಟ್ಟಿಯಲ್ಲಿದ್ದ ಆಲೂಗಡ್ಡೆಯನ್ನು ಅವಳ ಮುಂದೆ ನೆಲದ ಮೇಲೆ ಸುರಿದೆ. ಈಳಿಗೆ ಇಟ್ಟೆ. ಅವ್ವ ಬಟಾಟಿ ನೋಡಿದಳು, ನನ್ನನ್ನು ನೋಡಿದಳು, ಸೀರೆ ಎತ್ತಿ ಸಿಕ್ಕಿಸಿಕೊಂಡು ಈಳಿಗೆಯ ಮೇಲೆ ಕಾಲಿಟ್ಟು ಕೂತಳು. ನಾನೂ ಎದುರಿಗೆ ಚಾಕು ಹಿಡಿದು ಕೂತೆ. ಅವಳು ಹೆಚ್ಚಿದ ಬಿಲ್ಲೆಯ ಹಿಂದೆ ಬೆರಳು ಮಂಕಾಗಿ ಕಾಣುತ್ತಿತ್ತು. ನನ್ನವು ದಪ್ಪ ಬಂದವು. ಅವಳು ನನ್ನದರಲ್ಲಿ ಒಂದನ್ನು ಎತ್ತಿ ಹಿಡಿದು, ಇದೇನು ಬಿಲ್ಲೆಯೋ ಬಚ್ಚಲ ಹಲಗೆಯೋ ಎಂದು ಬೈದಳು. ನನ್ನನ್ನು ಅವ್ವ ಹಾಗೆ ಬೈದು ಎಷ್ಟು ವರ್ಷವಾಗಿತ್ತೋ. ಬಿ.ಎ. ಮುಗಿಸಿದ ಮೇಲೆ ಅವಳು ನನ್ನನ್ನು ಬೈದದ್ದೇ ಇರಲಿಲ್ಲ.

ಹಂಚಿನ ಮೇಲೆ ಬೇಯಿಸಿದ್ದಕ್ಕೆ ಮೇಲೆ ಬಣ್ಣ ಬರಲಿಲ್ಲ. ಬೆಳ್ಳಗೇ ಉಳಿಯಿತು, ಕೆಳಗೆ ಹತ್ತಿತು. ಅವ್ವ ಕೆರೆದು ಕೆರೆದು ಉಂಡಳು. ಎರಡನೆಯ ಸಲ ಬಡಿಸಿಕೊಂಡಳು. ತಂಗಿಯದರ ಜೊತೆ ಹೋಲಿಸಿ ಏನಾದರೂ ಹೇಳುತ್ತಾಳೋ ಎಂದು ಕಾದೆ, ಈ ಸಲ ನಾನಾಗಿ ಕೇಳಲಿಲ್ಲ. ಊಟವಾದ ಮೇಲೆ ತಂಗಿಗೆ ತಾನೇ ಫೋನು ಹಚ್ಚಿಸಿಕೊಂಡು, ನಿಮ್ಮಕ್ಕ ದಪ್ಪ ಹೆಚ್ಚುತ್ತಾಳೆ ಎಂದು ಚಾಡಿ ಹೇಳಿದಳು. ಇಬ್ಬರೂ ನಕ್ಕರು. ನಾನು ಪಾತ್ರೆ ತಿಕ್ಕುತ್ತ ಕೇಳಿಸಿಕೊಂಡೆ. ಹೊಟ್ಟೆಯೊಳಗೆ ಆ ಉರಿ ಇನ್ನೂ ಇತ್ತು, ಈಗಲೂ ಇದೆ. ಅವರಿಬ್ಬರೂ ನಕ್ಕಾಗಲೆಲ್ಲ ಬರುತ್ತದೆ.

ಬಸ್ಸಿನ ಹೊತ್ತು ಮೀರಿತ್ತು. ಅವ್ವ ಮೂಲೆಯ ಬುಟ್ಟಿಯಲ್ಲಿ ಉಳಿದಿದ್ದ ಆಲೂಗಡ್ಡೆಯನ್ನು ಕಣ್ಣಲ್ಲೇ ಅಳೆದಳು. ಇವು ಕೆಟ್ಟು ಹೋಗಬಾರದು ಎಂದಳು.

"ಈ ಬಟಾಟಿ ಮುಗಿಯೂತನಾ ಇರ್ತೇನಿ."

ಸೋಮವಾರ ಸಂಜೆ ಕೆಲಸ ಬಿಟ್ಟವಳೇ ಮಾರುಕಟ್ಟೆಗೆ ಹೋಗಿ ಅರ್ಧ ಚೀಲ ಆಲೂಗಡ್ಡೆ ಆಟೊದಲ್ಲಿ ಹಾಕಿಕೊಂಡು ಬಂದೆ. ಇಳಿಸಿಕೊಳ್ಳಲು ಬಂದ ಗಂಡ ಚೀಲ ಎತ್ತಿ ನೋಡಿ, ಬಿತ್ತಾಕೇನು ಎಂದು ಕೇಳಿದರು. ಅವ್ವ ಹೊಸ್ತಿಲಲ್ಲಿ ನಿಂತು ಚೀಲ ಅಡಿಗೆಮನೆಗೆ ಹೋಗುವತನಕ ನೋಡಿದಳು. ಇಷ್ಟು ಯಾವಾಗ ಮುಗೀಬೇಕು ಎಂದಳು, ಮುಖದಲ್ಲಿ ನಗು ತಡೆಹಿಡಿದು.

ನಾನು ಈಳಿಗೆ ತೊಳೆದು ಅವಳ ಮುಂದಿಟ್ಟೆ.